ಸವೇತಾ ಕೈಬಿಟ್ಟ ಸುತ್ತಿಗೆ

ನಮ್ಮ ಕಣಿವೆಯ ಅರಣ್ಯ ಕಚೇರಿಯಲ್ಲಿ ನಾನು ಹದಿನಾಲ್ಕು ವರ್ಷ ನೆಲ ಒರೆಸಿದ್ದೇನೆ, ಒಲೆಗೆ ಸೌದೆ ಒಟ್ಟಿದ್ದೇನೆ. ಅಷ್ಟರಲ್ಲಿ ಐದು ಜನ ಮುಖ್ಯಸ್ಥರು ಬಂದು ಹೋದರು. ಐದನೆಯವಳು ಸವೇತಾ. ನನ್ನ ತಂಗಿಯ ವಯಸ್ಸಿನವಳು. ಕಾಡಿನ ಇಂಜಿನಿಯರಿಂಗ್ ಓದಿದವಳೆಂದು ಊರವರೆಲ್ಲ ಇಂಜಿನಿಯರಮ್ಮ ಎನ್ನುತ್ತಿದ್ದರು.

ಅವಳು ಧೈರ್ಯವಂತೆಯಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ಊರಲ್ಲಿ ಬೇರೆ ಥರ ಮಾತಾಡುತ್ತಾರೆ. ಪಕ್ಕದ ಕಣಿವೆಯಲ್ಲಿ ಮರಗಳ್ಳರು ಒಬ್ಬ ಅರಣ್ಯ ಗಾರ್ಡ್‌ನನ್ನು ಅವನದೇ ಕೊಡಲಿಯಿಂದ ಕಡಿದುಹಾಕಿದ ವರ್ಷವೇ ಅವಳು ಇಲ್ಲಿಗೆ ಬಂದದ್ದು. ಕಚೇರಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಹೊರಗೆ ಗಾಡಿ ನಿಂತ ಸದ್ದಾದರೆ ಕೈಯಲ್ಲಿದ್ದ ಪೆನ್ನು ನಿಲ್ಲುತ್ತಿತ್ತು. ಆದರೂ ದಿನಾ ಕಾಡಿಗೆ ಹೋಗುತ್ತಿದ್ದಳು.

ಒಮ್ಮೆ ನಾನು ಕೇಳಿದ್ದೆ, "ಅಲ್ಲಮ್ಮ, ಮರ ಕಡಿಯೋಕೆ ಒಪ್ಪಿಗೆ ಕೊಡೋರೂ ನೀವೇ, ಮರ ಕಾಯೋರೂ ನೀವೇ. ಇದೆಂಥ ಇಲಾಖೆ?"

ಅವಳು ನಕ್ಕಳು. "ಅಗಾಪಿಯಕ್ಕ, ನಮ್ಮ ಮೊಮ್ಮಕ್ಕಳಿಗೂ ಕಡಿಯೋಕೆ ಮರ ಇರಬೇಕಲ್ಲ. ಅಷ್ಟೇ ನಮ್ಮ ಕೆಲಸ. ಮಿಕ್ಕ ಮಾತೆಲ್ಲ ಬೋರ್ಡು ಬರೆದು ಗೋಡೆ ಮೇಲೆ ನೇತುಹಾಕೋಕೆ."

ಕಡಿಯಬೇಕಾದ ಮರಕ್ಕೆ ಗುರುತು ಹಾಕುವುದು ಒಂದು ಸುತ್ತಿಗೆಯಿಂದ. ಅದರ ಒಂದು ಬದಿ ಕೊಡಲಿಯಂತೆ ಹರಿತ. ಇನ್ನೊಂದು ಬದಿಯಲ್ಲಿ ಉಬ್ಬಿದ ಅಂಕಿ, ಒಬ್ಬೊಬ್ಬ ಅಧಿಕಾರಿಗೆ ಒಂದೊಂದು. ತೊಗಟೆ ಕೆತ್ತಿ, ಎದೆಯೆತ್ತರದಲ್ಲಿ ಒಂದು ಪೆಟ್ಟು, ಬೇರಿನ ಹತ್ತಿರ ಇನ್ನೊಂದು. ಮರ ಹೋದ ಮೇಲೂ ಬುಡದಲ್ಲಿ ಆ ಅಂಕಿ ಉಳಿಯುತ್ತದೆ. ಅಂಕಿ ಯಾರದೋ, ಆ ಮರದ ಹೊಣೆ ಅವರ ತಲೆಯ ಮೇಲೆ. ಅದಕ್ಕೇ ಸುತ್ತಿಗೆಯನ್ನು ಇನ್ನೊಬ್ಬರ ಕೈಗೆ ಕೊಡುವ ಹಾಗಿಲ್ಲ. ಆದರೂ ಎಲ್ಲರೂ ಕೊಡುತ್ತಾರೆ. ದಿನವಿಡೀ ಹೊಡೆದರೆ ಭುಜ ಬಿದ್ದುಹೋಗುತ್ತದೆ, ಜೊತೆಗೆ ಹಳೆಯ ಗಾರ್ಡ್ ಇದ್ದಾನೆ, ಅವನು ನಾಲ್ಕು ಪೆಟ್ಟು ಹಾಕಿದರೆ ಏನಾಯಿತು ಎಂಬ ರೂಢಿ.

ಆ ವರ್ಷ ಈಸ್ಟರ್ ಉಪವಾಸದ ಎರಡನೇ ವಾರ. ಹಿಮ ಇನ್ನೂ ಮೊಣಕಾಲೆತ್ತರ ಇತ್ತು. ಸವೇತಾಳ ಬೆರಳುಗಳು ಮರಗಟ್ಟಿದ್ದವು. ಗಡಿಕಲ್ಲು ನೋಡಿ ಬರಲು ಅವಳು ಮೇಲೆ ಹತ್ತಬೇಕಿತ್ತು. ಇಪ್ಪತ್ತು ವರ್ಷದಿಂದ ಗಾರ್ಡ್ ಆಗಿದ್ದ ಪಿಂತಿಲಿ, "ಕೊಡಿ ಇಂಜಿನಿಯರಮ್ಮ, ಉಳಿದಿರೋ ನಾಲ್ಕು ಬೀಚ್ ಮರ ನಾನೇ ಹೊಡೀತೀನಿ" ಎಂದ. ಕೊಟ್ಟಳು. ಒಂದೂವರೆ ಗಂಟೆಯ ನಂತರ ಇಳಿದು ಬಂದು ವಾಪಸ್ ತಗೊಂಡಳು.

ಹತ್ತು ದಿನದ ಮೇಲೆ ನಾನು ಕೊಡ ಹಿಡಿದು ಬೆಟ್ಟದ ಊಟೆಯ ನೀರಿಗೆಂದು ಮೇಲೆ ಹೋಗಿದ್ದೆ. ಕೆಳಗಿನ ಬೀದಿಯ ನೆತ್ತಿಯ ಮೇಲೆ, ಇಳಿಜಾರಿನಲ್ಲಿ, ನಮ್ಮಜ್ಜಿಗಿಂತ ಹಳೆಯ ಫರ್ ಮರಗಳಿವೆ. ಅವುಗಳ ಬುಡದಲ್ಲಿ ಹಸಿ ಗಾಯ, ಗಾಯದಲ್ಲಿ ಅಂಕಿ. ಎಣಿಸಿದೆ. ಮೂವತ್ತೊಂದು. ಎದುರಿನ ಇಳಿಜಾರನ್ನು ಬೋಳಿಸಿದ ವರ್ಷ ಕೆಸರು ಶಾಲೆಯ ಬಾಗಿಲವರೆಗೆ ಬಂದಿತ್ತು, ಇಬ್ಬರು ಸತ್ತಿದ್ದರು. ಕೊಡ ಅಲ್ಲೇ ಬಿಟ್ಟು ಓಡಿಬಂದೆ.

ನಾನು ಹೇಳಿದ್ದನ್ನು ಕೇಳಿ ಸವೇತಾ ಕುರ್ಚಿಯ ಅಂಚು ಹಿಡಿದುಕೊಂಡಳು. ಪಿಂತಿಲಿಯನ್ನು ಕರೆಸಿದಳು. ಅವನು ಟೋಪಿ ತೆಗೆದು ನಿಂತ. ಸುಳ್ಳು ಹೇಳಲಿಲ್ಲ.

"ಗವ್ರಿಲ್ ಮನೆಗೆ ಬಂದಿದ್ದ" ಎಂದ. ಗವ್ರಿಲ್ ಎಂದರೆ ಕಣಿವೆಯ ಮರದ ವ್ಯಾಪಾರಿ, ಮೂರು ಸಾಮಿಲ್ಲು ಅವನವು. "ನನ್ನ ಹೆಂಡ್ತಿ ಒಬ್ಬಳೇ ಹಸು ಮೇಯಿಸೋ ಜಾಗ ಎಷ್ಟು ನಿರ್ಜನವಾಗಿದೆ, ಅಲ್ವಾ ಅಂದ. ಅಷ್ಟೇ ಅಂದಿದ್ದು, ಇಂಜಿನಿಯರಮ್ಮ. ಟೀ ಕುಡಿದು ಹೋದ."

"ಯಾವತ್ತು ಕಡೀತಾರೆ?"

"ಗುರುವಾರ."

ಅವತ್ತು ಮಂಗಳವಾರ. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಂಕಿ ಸರಿಯಾಗಿದೆ, ಕಾಗದವನ್ನು ಹೇಗೋ ಹೊಂದಿಸಿಕೊಳ್ಳುತ್ತಾರೆ. ಗುರುತು ರದ್ದು ಮಾಡಬೇಕಾದರೆ ಸುತ್ತಿಗೆ ತನ್ನ ಕೈ ತಪ್ಪಿತ್ತು ಎಂದು ಅವಳೇ ಬರೆದುಕೊಡಬೇಕು. ಕೆಲಸ ಹೋಗಬಹುದು. ಗವ್ರಿಲ್ ಏನು ಮಾಡುತ್ತಾನೋ, ಅದನ್ನು ನಾವು ಮೂವರೂ ಬಾಯಿಬಿಟ್ಟು ಹೇಳಲಿಲ್ಲ. ರದ್ದು ಪತ್ರಕ್ಕೆ ಒಬ್ಬ ಗಾರ್ಡಿನ ರುಜು, ಊರಿನವರದು ಒಂದು ರುಜು ಬೇಕು.

"ಅಕ್ಕ, ನೀವು ಬರ್ತೀರಾ?" ಎಂದಳು. ಬರುತ್ತೇನೆ ಎಂದೆ. ಪಿಂತಿಲಿ ನೆಲ ನೋಡುತ್ತ ಹೊರಗೆ ಹೋದ.

ಬುಧವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಸವೇತಾಳ ಜೊತೆ ಹೊರಟೆ. ಅರ್ಧ ದಾರಿಯಲ್ಲೇ ಗರಗಸದ ಮೋಟಾರು ಕೇಳಿಸಿತು. ಒಂದು ದಿನ ಮೊದಲೇ ಬಂದುಬಿಟ್ಟಿದ್ದರು. ಸವೇತಾ ನಿಂತಳು. ಹಿಂತಿರುಗುತ್ತಾಳೆ ಎಂದುಕೊಂಡೆ. ನಿಜ ಹೇಳುವುದಾದರೆ, ಹಿಂತಿರುಗಲಿ ದೇವರೇ ಎಂದು ಬೇಡಿಕೊಂಡೆ. ಅವಳು ನನ್ನ ತೋಳು ಹಿಡಿದುಕೊಂಡು ಹತ್ತಿದಳು.

ಆರು ಜನ ಇದ್ದರು. ಗವ್ರಿಲ್ ಮರಕ್ಕೆ ಒರಗಿ ಸೂರ್ಯಕಾಂತಿ ಬೀಜ ಉಗಿಯುತ್ತಿದ್ದ.

"ಬನ್ನಿ ಬನ್ನಿ ಇಂಜಿನಿಯರಮ್ಮ! ಇದೇನು, ಚರ್ಚಿನ ಮುದುಕೀನ ಕರ್ಕೊಂಡು ಬಂದಿದೀರಿ? ಮರಕ್ಕೆ ಕೊನೇ ಪೂಜೆ ಮಾಡಿಸೋಕಾ?"

ಅವನ ಆಳುಗಳು ನಕ್ಕರು. ಸವೇತಾ ಮೊದಲನೇ ಮರದ ಬುಡದಲ್ಲಿ ಮಂಡಿಯೂರಿ, ಸುತ್ತಿಗೆಯ ಹರಿತದ ಬದಿಯಿಂದ ಗುರುತಿನ ಮೇಲೆ ಅಡ್ಡ ಕೆತ್ತಿದಳು. ಮೊದಲ ಪೆಟ್ಟು ಗುರಿ ತಪ್ಪಿ ಹಿಮಕ್ಕೆ ಬಿತ್ತು. ಎರಡನೆಯದು ಸರಿಯಾಗಿ ಬಿತ್ತು.

"ನಂಬರ್ ನಿಮ್ದೇ ಅಲ್ವೇನ್ರೀ?" ಗವ್ರಿಲನ ದನಿಯಲ್ಲಿ ಈಗ ನಗು ಇರಲಿಲ್ಲ.

"ನಂಬರ್ ನಂದೇ. ಕೈ ನಂದಲ್ಲ. ಸುತ್ತಿಗೆ ಬಿಟ್ಟುಕೊಟ್ಟಿದ್ದು ನನ್ನ ತಪ್ಪು. ಹಾಗಂತ ನಿನ್ನೆ ಸಂಜೇನೇ ಬರೆದು ಜಿಲ್ಲಾ ಕಚೇರಿಗೆ ಕಳಿಸಾಯ್ತು. ಪೊಲೀಸರಿಗೂ ಒಂದು ಪ್ರತಿ ಹೋಗಿದೆ."

"ಯಾರ ಕೈಗೆ ಕೊಟ್ಟಿದ್ರಿ?"

ಅವಳು ಎರಡನೇ ಮರದ ಕಡೆಗೆ ತಿರುಗಿದಳು. ಗವ್ರಿಲ್ ಒಂದು ಹೆಜ್ಜೆ ಮುಂದೆ ಬಂದ. ನನಗೆ ಅವನ ಬೂಟು ಮಾತ್ರ ಕಾಣುತ್ತಿತ್ತು, ಕಣ್ಣೆತ್ತಲು ಆಗಲಿಲ್ಲ.

"ನನ್ನ ಕೈಗೆ."

ಪಿಂತಿಲಿ. ಏದುಸಿರು ಬಿಡುತ್ತ ಕೆಳಗಿನಿಂದ ಬಂದಿದ್ದ. ಹಿಂದೆ ಅವನ ಹೆಂಡತಿ ಇದ್ದಳು, ಅವಳ ಹಿಂದೆ ಕೆಳಗಿನ ಬೀದಿಯ ಏಳೆಂಟು ಹೆಂಗಸರು, ಅಡುಗೆಯ ಏಪ್ರನ್ ಕೂಡ ಬಿಚ್ಚದೆ ಬಂದವರು. ಪಿಂತಿಲಿಯ ಹೆಂಡತಿಯೇ ಮನೆಮನೆಗೆ ಹೋಗಿ ಕರೆದಳಂತೆ. ಬಂದು ನಮ್ಮ ಪಕ್ಕ ನಿಂತರು. ಅವರಿಗೂ ಹೆದರಿಕೆಯೇ.

ಗವ್ರಿಲ್ ಎಲ್ಲರ ಮುಖವನ್ನೂ ಒಂದೊಂದಾಗಿ, ನಿಧಾನವಾಗಿ ನೋಡಿದ. "ಸರಿ. ಎಲ್ಲರ ನೆನಪಿರುತ್ತೆ" ಎಂದು ಕೆಳಗಿಳಿದ. ಆಳುಗಳು ಗರಗಸ ಹೊತ್ತು ಹಿಂದೆ ನಡೆದರು.

ಮೂವತ್ತೊಂದು ಗುರುತು ಕೆತ್ತಿ ಮುಗಿಸುವಾಗ ಮಧ್ಯಾಹ್ನ ದಾಟಿತ್ತು. ರದ್ದು ಪತ್ರಕ್ಕೆ ಮೊದಲು ಪಿಂತಿಲಿ ರುಜು ಹಾಕಿದ, ಆಮೇಲೆ ನಾನು.

ಸವೇತಾಳನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿ ಜಿಲ್ಲಾ ಕಚೇರಿಯಲ್ಲಿ ಕಾಗದ ಜೋಡಿಸುವ ಮೇಜಿಗೆ ಹಾಕಿದರು. ಸುತ್ತಿಗೆ ಬಿಟ್ಟುಕೊಟ್ಟದ್ದು ತಪ್ಪೇ ತಾನೇ, ಅವಳು ಜಗಳವಾಡಲಿಲ್ಲ. ಪಿಂತಿಲಿಯ ಕೆಲಸ ಹೋಯಿತು. ಗವ್ರಿಲನ ಮೇಲೆ ಏನೂ ಸಾಬೀತಾಗಲಿಲ್ಲ.

ಜೋರು ಮಳೆ ಬಂದ ದಿನ ಅವಳು ಫೋನ್ ಮಾಡುತ್ತಾಳೆ.

"ಅಕ್ಕ, ಇಳಿಜಾರು ಹೇಗಿದೆ?"

"ನಿಂತಿದೆಯಮ್ಮ. ಊಟೆ ನೀರು ಕೂಡ ತಿಳಿಯಾಗೇ ಇದೆ."

"ಚಿಲಕ ಹಾಕ್ಕೊಂಡಿದೀರಾ?"

"ಹಾಕ್ಕೊಂಡಿದೀನಿ. ನೀವು?"

"ಎರಡು ಸಲ ನೋಡ್ದೆ" ಎನ್ನುತ್ತಾಳೆ.