ಉಪ್ಪಿನ ಮೇಲಿನ ಕೆನೆ ತೆಗೆಯುವ ಪೊಕ್ಕರ್

ಬೆಳಕು ಹರಿಯುವ ಹೊತ್ತಿಗೆ ಪೊಕ್ಕರ್ ಕಾಂಕ್ರೀಟು ರಿಂಗಿನೊಳಗೆ ಇಳಿದಾಗಿದೆ. ಮೇಲಿನಿಂದ ನೋಡಿದರೆ ಕಾಣುವುದು ತಲೆಗೆ ಸುತ್ತಿದ ಬೈರಾಸು ಮಾತ್ರ. ಅವರು ಬುಡದ ಮರಳನ್ನು ಗೋರಿ ಬುಟ್ಟಿಗೆ ತುಂಬುತ್ತಾರೆ, ನೆರೆಮನೆಯ ರಾಜೀವಿ ರಾಟೆಯಲ್ಲಿ ಎಳೆದು ಸುರಿಯುತ್ತಾರೆ, ಬುಡ ಸಡಿಲಾದ ರಿಂಗು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಊರಿನ ಅರ್ಧಕ್ಕರ್ಧ ಬಾವಿ ತೋಡಿದ ಅರುವತ್ತಮೂರರ ಈ ಮನುಷ್ಯನ ಎದೆ ಇವತ್ತು ಡವಡವ ಹೊಡೆದುಕೊಳ್ಳುತ್ತಿದೆ. ಇದು ಮಗಳು ಸಜ್ನಾಳ ಬಾವಿ.

ಬಂದ್ಯೋಡು ಪೇಟೆಯಿಂದ ಪಡುವಣಕ್ಕೆ, ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ಪಟ್ಟೆ ಇದು. ಮೂರು ಕಡೆ ನೀರು. ಶಾಲೆಯ ಪುಸ್ತಕದ ಲೆಕ್ಕದಲ್ಲಿ ಅಂಗೈಯಗಲದ ಪರ್ಯಾಯ ದ್ವೀಪ. ಇಲ್ಲಿ ಮನೆ ಎಲ್ಲಿ ಏಳಬೇಕೆಂದು ತೀರ್ಮಾನಿಸುವುದು ಸಿಹಿನೀರು. ಅದು ಸಿಕ್ಕಿದಲ್ಲಿ ಮನೆಗಳು ಒತ್ತಿಕೊಂಡು ನಿಂತಿವೆ, ಸಿಗದಲ್ಲಿ ಬಲೆ ಒಣಗುತ್ತಿದೆ.

ಮಳೆಗಾಲವಿಡೀ ಸುರಿದದ್ದು ಮರಳಿಗಿಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. “ಹಾಲಿನ ಮೇಲೆ ಕೆನೆ ಉಂಟಲ್ಲ, ಹಾಗೆ. ತೋಡ್ಲಿಕ್ಕೆ ಯಾರಿಗೂ ಬರ್ತದೆ. ನಿಲ್ಲಿಸ್ಲಿಕ್ಕೆ ಬರ್ಬೇಕು,” ಎನ್ನುತ್ತಾರೆ ಪೊಕ್ಕರ್. ತೋಡುವಾಗ ಒಂದು ಮೊಳ ಆಸೆ ಹೆಚ್ಚಾದರೆ, ಇಲ್ಲವೇ ನೀರನ್ನು ಒಮ್ಮೆಲೇ ಎಳೆದರೆ, ಬಾವಿ ಉಪ್ಪಾಯಿತೆಂದೇ ಲೆಕ್ಕ. ಒಮ್ಮೆ ಮರಳು ಜರಿದು ಕುತ್ತಿಗೆಯವರೆಗೆ ಹೂತುಹೋಗಿದ್ದರು. ಅಂದಿನಿಂದ ಹೆಂಡತಿ ಆಸ್ಯಮ್ಮ ಗುದ್ದಲಿ ಅಡಗಿಸಿಡುತ್ತಾರೆ, ಇವರು ಹುಡುಕಿ ತರುತ್ತಾರೆ.

ಜೀವನವಿಡೀ ಉಪ್ಪಿನೊಡನೆ ಜಗಳ, ಮಗಳು ಕರೆಯುವುದು ಮಾತ್ರ ‘ಉಪ್ಪ’ ಎಂದು! ಈ ಕಡೆಯ ಬ್ಯಾರಿ ಮನೆಗಳಲ್ಲಿ ಅಪ್ಪನಿಗೆ ಹಾಗನ್ನುತ್ತಾರೆ. ಊರವರು ಬಿಡುತ್ತಾರೆಯೇ? ತಮಾಷೆ ಮಾಡಿಯೇ ಮಾಡುತ್ತಾರೆ.

ಅಳಿಯ ನಿಸಾರ್ ಕತಾರಿನಿಂದ ರಜೆಯಲ್ಲಿ ಬಂದವರು. ಅದೂ ಮೂರು ಕಡೆ ಕಡಲಿರುವ ನಾಡೇ. ಆದರೆ ಅಲ್ಲಿ ಮಳೆಯೇ ಅಪರೂಪ. ಕಡಲನ್ನು ಯಂತ್ರದಲ್ಲಿ ಸಿಹಿ ಮಾಡಿ ಕುಡಿಯಬೇಕು, ಜನರೆಲ್ಲ ಹೆಚ್ಚುಕಡಿಮೆ ಒಂದೇ ಪಟ್ಟಣಕ್ಕೆ ಅಂಟಿಕೊಂಡಿದ್ದಾರೆ. ಕೊಳವೆಯ ನೀರು ಕುಡಿದು ಬಂದವರಿಗೆ ಮರಳಿನಡಿಯ ಮಳೆಯ ಮೇಲೆ ನಂಬಿಕೆ ಹುಟ್ಟುವುದಾದರೂ ಹೇಗೆ? ಇವತ್ತು ಸಿಹಿ ಸಿಗದಿದ್ದರೆ ಮನೆ ಕಟ್ಟುವುದು ಹೊಸಂಗಡಿ ಪೇಟೆಯಲ್ಲೇ ಎಂದು ಖಡಾಖಂಡಿತ ಹೇಳಿದ್ದಾರೆ. ಇದು 2012ರ ಮೇ, ಕೆನೆ ತೀರಾ ತೆಳುವಾಗುವ ಕಾಲ. ಈಗ ಸಿಹಿ ಸಿಕ್ಕರೆ ವರ್ಷವಿಡೀ ಸಿಹಿ, ಮಗಳು ಕೂಗಳತೆಯಲ್ಲೇ ಇರುತ್ತಾಳೆ.

ಮರಳು ಒದ್ದೆಯಾಗುತ್ತದೆ. ಪಾದ ಮುಳುಗುತ್ತದೆ. ಬಂತು, ಮೊಣಕಾಲಿಗೇ ಬಂತು ನೀರು! ಇನ್ನೊಂದು ಮೊಳ ತೋಡಬಾರದೇ ಎಂದು ನಿಸಾರ್ ಬಗ್ಗಿ ಕೇಳುತ್ತಾರೆ. ಉತ್ತರವಾಗಿ ಗುದ್ದಲಿಯೇ ಬುಟ್ಟಿಯಲ್ಲಿ ಮೇಲೆ ಬರುತ್ತದೆ, ಹಿಂದೆಯೇ ಪೊಕ್ಕರ್.

ಮೊದಲ ಕೊಡಪಾನದ ಕಲಕು ತಳಕ್ಕಿಳಿಯುವವರೆಗೆ ಎಲ್ಲರೂ ಅದರ ಸುತ್ತ ಬಗ್ಗಿ ಕಾಯುತ್ತಾರೆ. ತೋಡಿದವನು ಮೊದಲು ಕುಡಿಯುವಂತಿಲ್ಲ. ಅವನ ತುಟಿಯಲ್ಲಿ ಬೆವರಿನ ಉಪ್ಪಿರುತ್ತದಂತೆ. ಸಜ್ನಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚುತ್ತಾಳೆ.

“ಉಪ್ಪಾ...”

ರಾಜೀವಿಯ ಕೈಯಿಂದ ಹಗ್ಗ ಜಾರುತ್ತದೆ. ನಿಸಾರ್ ಮರಳಗುಡ್ಡೆಯ ಮೇಲೆ ಕುಸಿದು ಕೂರುತ್ತಾರೆ. ಪೊಕ್ಕರ್ ಕದಲದೆ ಮಗಳ ಮುಖವನ್ನೇ ನೋಡುತ್ತಾರೆ.

“ಉಪ್ಪಾ, ಸಿಹಿ ಉಂಟು.”

ಅಯ್ಯೋ, ಅವಳು ಕರೆದದ್ದು ಅಪ್ಪನನ್ನು! ರಾಜೀವಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ನಿಸಾರ್ ಎರಡು ಲೋಟ ಒಂದೇ ಉಸಿರಿಗೆ ಖಾಲಿ ಮಾಡಿ, ಇದಕ್ಕೆ ಪಂಪು ಇಡಬೇಕೆನ್ನುತ್ತಾರೆ. ಪೊಕ್ಕರ್ ಬೈರಾಸಿನಲ್ಲಿ ಮುಖ ಒರೆಸಿಕೊಂಡು ಬೇಡವೆಂದು ತಲೆಯಾಡಿಸುತ್ತಾರೆ.

“ಪಂಪು ಇಟ್ರೆ ಉಪ್ಪು ಬರ್ತದೆ. ಕೊಡಪಾನ ಇಟ್ರೆ ಉಪ್ಪ ಬರ್ತಾನೆ, ದಿನಾ ಸೇದ್ಲಿಕ್ಕೆ.”