ಕರ್ಪೂರದಲ್ಲಿ ಕರಗಿದ ಡಾಮರು

ನಮ್ಮಣ್ಣನನ್ನು ಡಾಮರು ತಿಂದುಹಾಕಿತು ಎಂದು ನಮ್ಮೂರು ಬೇಗೂರಿನಲ್ಲಿ ಈಗಲೂ ಹೇಳುತ್ತಾರೆ. ಅದರಲ್ಲಿ ನನ್ನ ಪಾಲೂ ಇದೆ ಎಂಬುದು ಅವರಿಗೆ ಗೊತ್ತಿಲ್ಲ.

ಐವತ್ತರ ದಶಕದ ಕೊನೆ. ನಾನು ಚಾಮರಾಜನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಅಣ್ಣ ಗುಂಡ್ಲುಪೇಟೆ ರಸ್ತೆ ಕೆಲಸದಲ್ಲಿ ಕಲ್ಲಿದ್ದಲಿನ ಡಾಮರು ಕಾಯಿಸುತ್ತಿದ್ದ. ಅವನ ಬಲಗೈ ಮೇಲೆ ಹುಣಸೆಬೀಜದಷ್ಟು ಗಂಟೊಂದು ಎದ್ದು, ಒಡೆದು, ಮಾಯದೆ ಕೂತಿತ್ತು. ಡಾಮರಿನ ಯಾವುದೋ ಒಂದು ಭಾಗ ಚರ್ಮಕ್ಕೆ ವಿಷ ಎಂದು ಪುಸ್ತಕದಲ್ಲಿ ಓದಿದ್ದೆ. ಆ ಕೆಲಸ ಬಿಡು ಅನ್ನಲು ಅಷ್ಟು ಸಾಕಿತ್ತು. ನನಗೋ ಆ ಭಾಗವನ್ನು ನಾನೇ ಹಿಡಿದು, ಅದರ ಅಣುತೂಕ ತೆಗೆದು, ಮೈಸೂರಿನ ನಮ್ಮ ಮೇಷ್ಟ್ರ ಮುಂದಿಡುವ ಚಪಲ. ಪುರಾವೆ ಸಿಕ್ಕಮೇಲೆ ಅಣ್ಣನಿಗೆ ಹೇಳಿದರಾಯಿತು ಅಂದುಕೊಂಡೆ.

"ವಸಿ ಡಾಮ್ರು ತಂದ್ಕೊಡಣ್ಣ" ಅಂದೆ.

"ಡಾಮ್ರು ತಾನೆ? ಡಬ್ಬ ತುಂಬ ತತ್ತೀನಿ ಬುಡು ಕಣಮ್ಮಿ. ಚೆಂದಾಗ್ ಓದು." ಅವನ ಕಣ್ಣಿಗೆ ನಾನಿನ್ನೂ ಓದುವ ಹುಡುಗಿಯೇ.

ಶಾಲೆಯ ಕೋಣೆಯಲ್ಲಿ ಗಾಜಿನ ಕೊಳವೆಗೆ ಬಿಳಿ ಪುಡಿ ತುಂಬಿ, ಬೆಂಜೀನಿನಲ್ಲಿ ಕರಗಿಸಿದ ಡಾಮರನ್ನು ಮೇಲಿಂದ ಇಳಿಸುತ್ತಿದ್ದೆ. ಸಣ್ಣ ಅಣುಗಳು ಬೇಗ ಕೆಳಗಿಳಿಯುತ್ತಿದ್ದವು, ದೊಡ್ಡವು ಪುಡಿಗೆ ಅಂಟಿ ಹಳದಿ ಪಟ್ಟಿಯಾಗಿ ನಿಲ್ಲುತ್ತಿದ್ದವು. ನಾನು ಹುಡುಕುತ್ತಿದ್ದ ವಿಷ ಆ ಪಟ್ಟಿಯಲ್ಲಿತ್ತು. ಅಲ್ಲಿ ಸಿಕ್ಕಿದ್ದನ್ನು ಒಣಗಿಸಿ ಕರ್ಪೂರದ ಜೊತೆ ಬೆರೆಸಿ ಕಾಯಿಸುವುದು. ಕರ್ಪೂರ ಎಂದಿಗಿಂತ ಎಷ್ಟು ಕಡಿಮೆ ಬಿಸಿಗೆ ಕರಗಿತು ಎಂದು ನೋಡಿದರೆ ಅಣುವಿನ ತೂಕ ಸಿಗುತ್ತದೆ. ಊರಿಗೆ ಹೋದಾಗ ಅಮ್ಮ ಶಿವನ ಮುಂದಿದ್ದ ಕರ್ಪೂರದ ಪೊಟ್ಟಣವನ್ನೇ ಎತ್ತಿಕೊಟ್ಟಳು.

ಒಂದು ಸಲ ಬಂದ ಸಂಖ್ಯೆ ಇನ್ನೊಂದು ಸಲ ಬರಲಿಲ್ಲ. ಡಾಮರೇ ಸರಿಯಿಲ್ಲವೆಂದು ಮತ್ತೆ ತರಿಸಿದೆ. ಆಮೇಲೂ ತರಿಸಿದೆ. ಭಾನುವಾರ ನಾನು ಊರಿಗೆ ಹೋದಾಗೆಲ್ಲ ಅಣ್ಣ ಡ್ರಮ್ಮಿನಿಂದ ಬರಿಗೈಯಲ್ಲಿ ಬಳಿದು ಡಬ್ಬಿ ತುಂಬಿಟ್ಟಿರುತ್ತಿದ್ದ. ಗಾಯಕ್ಕೆ ಸುತ್ತಿದ ಬಟ್ಟೆಯೂ ಕಪ್ಪಾಗಿರುತ್ತಿತ್ತು. ದೀಪಾವಳಿಗೆ ಶುರುವಾದ ಕೆಲಸ ಯುಗಾದಿ ಹತ್ತಿರ ಬಂದಾಗ ನನಗೆ ಹೊಳೆಯಿತು: ಕಲಬೆರಕೆ ಇದ್ದದ್ದು ಅಂಗಡಿಯ ಪೂಜೆ ಕರ್ಪೂರದಲ್ಲಿ. ಇಷ್ಟು ದಿನದ ಡಾಮರೆಲ್ಲ ದಂಡ. ಮೈಸೂರಿನಿಂದ ಶುದ್ಧ ಕರ್ಪೂರ ತರಿಸಿದೆ. ಅಣುತೂಕ ಇನ್ನೂರೈವತ್ತರ ಆಸುಪಾಸು, ಮೂರು ಸಲವೂ ಅದೇ. ಕೋಣೆಯಲ್ಲಿ ಒಬ್ಬಳೇ ಕುಣಿದಾಡಿಬಿಟ್ಟೆ. ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಇನ್ನು ಆ ಕೆಲಸ ಬಿಡು ಎಂದು ಹೇಳಲು ಊರಿಗೆ ಹೋದೆ. ಅಣ್ಣ ಕೈ ಎತ್ತಲಾರದೆ ಮಲಗಿದ್ದ. ಕಂಕುಳಲ್ಲಿ ಗಡ್ಡೆ ಎದ್ದಿತ್ತು. ಮರುದಿನವೇ ಚಾಮರಾಜನಗರಕ್ಕೆ ಕರೆದುಕೊಂಡು ಬಂದೆ. ಡಾಕ್ಟರು ಗಾಯದ ಬಟ್ಟೆ ಬಿಚ್ಚಿ ನೋಡಿದರು, ಕಂಕುಳು ಮುಟ್ಟಿ ನೋಡಿದರು. ಮೊದಲೇ ಬಂದಿದ್ದರೆ ಕೈ ತೆಗೆದಾದರೂ ಜೀವ ಉಳಿಸಬಹುದಿತ್ತು ಎಂದು ನನಗೆ ಮೆಲ್ಲಗೆ ಹೇಳಿ, ಈ ಹುಣ್ಣು ಎಷ್ಟು ದಿನದಿಂದ ಇದೆ ಎಂದು ಅಣ್ಣನನ್ನು ಕೇಳಿದರು.

"ನಂಗೇನ್ ಗೊತ್ತು ಸ್ವಾಮಿ? ನನ್ ತಂಗೀನ ಕೇಳಿ, ಓದ್ದೋಳು. ಎಲ್ಲಾನೂವೆ ಬರ್ದಿಟ್ಕತಾಳೆ" ಎಂದ ಅಣ್ಣ. ಆ ನೋವಿನಲ್ಲೂ ಅವನ ದನಿಯಲ್ಲಿ ಹೆಮ್ಮೆಯಿತ್ತು.

ಐದು ತಿಂಗಳು ಆ ಹುಣ್ಣನ್ನು ನೋಡುತ್ತಲೇ ಡಬ್ಬಿ ತೆಗೆದುಕೊಂಡಿದ್ದೆ. ಡಾಕ್ಟರು ನನ್ನ ಕಡೆ ತಿರುಗಿದರು.

"ಗೊತ್ತಿಲ್ಲ" ಅಂದೆ.