ತೋಳದ ಗವಿಯ ಬಾಯಲ್ಲಿ ಕೂತ ದಿನ

ನಾನು ಚಿಕ್ಕವಳಿದ್ದಾಗ ಒಂದು ತೋಳ ನನ್ನ ಕುರಿಮರಿಯನ್ನು ಕಚ್ಚಿಕೊಂಡು ಹೋಯಿತು. ಮುಂದೆ ನಾನು ಟಿ.ವಿ.ಯಲ್ಲಿ ಕಾಡುಪ್ರಾಣಿಗಳ ಕಾರ್ಯಕ್ರಮ ನಡೆಸಿಕೊಡತೊಡಗಿದಾಗ, ಸಿಕ್ಕವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: ಪ್ರಾಣಿಗಳ ಮೇಲೆ ನಿಮಗೆ ಪ್ರೀತಿ ಹುಟ್ಟಿದ್ದು ಯಾವಾಗ? ಪಾಪ, ಅವರಿಗೆ ಮೊಲವನ್ನೋ ಗಿಳಿಯನ್ನೋ ಸಾಕಿದ ಮುದ್ದಾದ ಕಥೆ ಬೇಕಿತ್ತು. ನನ್ನ ಹತ್ತಿರ ಇರುವುದು ಸಿಟ್ಟಿನ ಕಥೆ, ಹಟದ ಕಥೆ. ಅದನ್ನೇ ನಿಮಗೂ ಹೇಳುತ್ತೇನೆ.

ನಮ್ಮದು ಗುರುಗುಂಟಾ ಕಡೆಯ ಕುರಿ ಕಾಯುವ ಮನೆತನ. ರಾಶಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬುತ್ತಿದ್ದೆವು, ರಾತ್ರಿಯೆಲ್ಲ ಅಲ್ಲೇ ಕೂಡಿಹಾಕುತ್ತಿದ್ದೆವು. ಹೊಲದ ನಡುವೆ ಬಲೆ ಕಟ್ಟಿದ ದೊಡ್ಡಿ, ಅದರ ಪಕ್ಕದಲ್ಲಿ ನಮ್ಮ ಗುಡಿಸಲು. ಬೆಳಿಗ್ಗೆ ಸಜ್ಜೆ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿಕೊಂಡು ತಿಂದು, ಅಪ್ಪ ಮತ್ತು ದೊಡ್ಡಪ್ಪ ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಎಳೆಯ ಮರಿಗಳು ಮಾತ್ರ ನನ್ನ ಮತ್ತು ಅಕ್ಕನ ಪಾಲಿಗೆ. ಅವನ್ನು ದೊಡ್ಡ ಬುಟ್ಟಿಗಳ ಕೆಳಗೆ ಮುಚ್ಚಿಡುತ್ತಿದ್ದೆವು. ಹೊತ್ತು ಇಳಿದು, ತಾಯಂದಿರು ಬರುವುದು ತಡವಾದರೆ ಬುಟ್ಟಿಯೊಳಗಿಂದ ಸಣ್ಣಗೆ ನರಳುವ ದನಿ ಬರುತ್ತಿತ್ತು. ಹಸಿದ ಮರಿಯ ಆ ದನಿ ನನಗೆ ನನ್ನ ಹೆಸರಿನಷ್ಟೇ ಪರಿಚಿತ.

ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಒಂದು ಹೆಣ್ಣುಮರಿಯನ್ನು ಕೊಡುವ ಪದ್ಧತಿ ಇತ್ತು. ಅದು, ಅದರ ಮರಿ, ಮರಿಯ ಮರಿ, ಎಲ್ಲ ಅವಳದೇ. ಮದುವೆಯಾಗಿ ಹೋಗುವಾಗ ಆ ಕುರಿಗಳೂ ಅವಳ ಹಿಂದೆ ಹೊರಡುತ್ತಿದ್ದವು. ನನಗೆ ಬಂದದ್ದು ಒಂದು ಕಿವಿ ಕಪ್ಪಗಿದ್ದ ಮರಿ. ಅದರ ಮೈಯಿಂದ ಹಾಲಿನ ವಾಸನೆ ಬರುತ್ತಿತ್ತು. ನನ್ನ ಬೆರಳನ್ನೇ ತಾಯಿಯ ಮೊಲೆ ಎಂದು ಚೀಪುತ್ತಿತ್ತು.

ಮರಿ ಹೋದ ದಿನ ಹಟ್ಟಿ ಚಿನ್ನದ ಗಣಿಯ ಸೈರನ್ ಗಾಳಿಯಲ್ಲಿ ತೇಲಿ ಬಂದು ಸ್ವಲ್ಪ ಹೊತ್ತಾಗಿತ್ತು. ಅಕ್ಕ ಚೀರಿದಳು. ನಾನು ತಿರುಗಿ ನೋಡುವಷ್ಟರಲ್ಲಿ ಬುಟ್ಟಿ ಮಗುಚಿ ಬಿದ್ದಿತ್ತು. ಜಾಲಿಗಿಡಗಳ ಆಚೆ ಬೂದುಬಣ್ಣದ ಬೆನ್ನೊಂದು ಓಡುತ್ತಿತ್ತು. ಅದರ ಬಾಯಿಂದ ಕಪ್ಪು ಕಿವಿ ಜೋತಾಡುತ್ತಿತ್ತು. ನಾನು ಕೈಗೆ ಸಿಕ್ಕ ಕಲ್ಲು ಬೀಸಿದೆ, ಬಾಯಿಗೆ ಬಂದಂತೆ ಬೈದೆ. ತೋಳ ಹಿಂತಿರುಗಿಯೂ ನೋಡಲಿಲ್ಲ.

ಅಕ್ಕ ಓಡಿ ಹೋಗಿ ಅಪ್ಪನನ್ನೂ ದೊಡ್ಡಪ್ಪನನ್ನೂ ಕರೆತಂದಳು. ಅಕ್ಕಪಕ್ಕದ ದೊಡ್ಡಿಗಳವರೂ ಸೇರಿದರು. ಹೆಜ್ಜೆ ಹಿಡಿದು ಹೋದರೆ ಹಳ್ಳದ ದಂಡೆಯಲ್ಲಿ ಗವಿ ಸಿಕ್ಕಿತು. ದೊಡ್ಡಪ್ಪ ಅದರ ಬಾಯಿಗೆ ಹುಲ್ಲು ತುರುಕಿ, ಮೇಲೆ ಒಣಮೆಣಸಿನಕಾಯಿ ಸುರಿದ. ಆ ಘಾಟು ಹೊಗೆ ಒಳಗೆ ಹೋದರೆ ಯಾವ ಜೀವವೂ ಉಳಿಯುವುದಿಲ್ಲ. ಇನ್ನು ಬೆಂಕಿ ಹಚ್ಚುವುದಷ್ಟೇ ಬಾಕಿ. ಆದರೆ ಅದಕ್ಕೂ ನಮ್ಮವರಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮರಿ ಹೋಗಿದೆಯೋ ಅವರ ಕೈಯೇ ಕಡ್ಡಿ ಗೀರಬೇಕು. ಬೇರೆಯವರು ಗೀರಿದರೆ ತೋಳದ ಮುನಿಸು ಅವರ ಕುರಿಗಳಿಗೆ ತಟ್ಟುತ್ತದೆ ಎಂದು ನಂಬಿಕೆ. ದೊಡ್ಡಪ್ಪ ಕಡ್ಡಿಪೆಟ್ಟಿಗೆಯನ್ನು ತಂದು ನನ್ನ ಅಂಗೈಯಲ್ಲಿಟ್ಟ.

ನಿಜ ಹೇಳುತ್ತೇನೆ, ಹಚ್ಚಬೇಕೆಂದೇ ಹೋಗಿದ್ದೆ. ನನ್ನ ಮರಿಯನ್ನು ತಿಂದವರು ಉರಿದು ಹೋಗಲಿ ಎಂದುಕೊಂಡಿದ್ದೆ. ಮಂಡಿಯೂರಿ ಗವಿಯ ಬಾಯಿಗೆ ಬಗ್ಗಿದೆ. ಹುಲ್ಲಿನ ಹಿಂದಿನ ಕತ್ತಲಿಂದ ತೋಳದ ಮರಿಗಳ ದನಿ ಬಂತು. ಸಣ್ಣಗೆ ನರಳುವ ದನಿ. ತಾಯಿ ಬರುವುದು ತಡವಾದಾಗ ಬುಟ್ಟಿಯ ಕೆಳಗಿಂದ ಬರುತ್ತಿತ್ತಲ್ಲ, ಅದೇ. ತಲೆಯೆತ್ತಿದರೆ ದೂರದ ದಿನ್ನೆಯ ಮೇಲೆ ತಾಯಿ ತೋಳ ನಿಂತಿತ್ತು. ಬಡಕಲು ಮೈ, ಜೋತುಬಿದ್ದ ಮೊಲೆಗಳು. ಅದು ನಮ್ಮನ್ನೇ ನೋಡುತ್ತಿತ್ತು.

ನಾನು ಕಡ್ಡಿಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಅದರ ಮೇಲೆ ಕೂತುಬಿಟ್ಟೆ. ಗವಿಗೆ ಬೆನ್ನು, ಜನಕ್ಕೆ ಮುಖ.

“ಏಳ ಬೇ, ಹೊತ್ತಾಗಾಕತ್ತೈತಿ,” ಅಂದ ದೊಡ್ಡಪ್ಪ.

“ನಾ ಏಳಂಗಿಲ್ಲ. ಕಡ್ಡೀನೂ ಗೀರಂಗಿಲ್ಲ.”

“ನಿನ್ನ ಮರೀನ ತಿಂದೈತಿ ಅದು.”

“ತಿಂದೈತಿ. ನಾವೂ ಲಿಂಗಸುಗೂರು ಸಂತ್ಯಾಗ ಮರಿ ಮಾರ್ತೀವಿ. ಅವು ಎಲ್ಲಿಗೆ ಹೋಗ್ತಾವಂತ ನಿನಗ ಗೊತ್ತಿಲ್ಲೇನು? ನಮ್ಮ ಗುಡಿಸಲಕ್ಕ ಯಾರರೆ ಹೊಗಿ ಹಾಕ್ಯಾರೇನು?”

ಒಬ್ಬೊಬ್ಬರೇ ಬೈಯತೊಡಗಿದರು. ತಲೆ ಕೆಟ್ಟೈತಿ ಅಂದರು, ಹೆಣ್ಣಿಗೆ ಇಷ್ಟು ನಾಲಿಗೆ ಇರಬಾರದು ಅಂದರು. ಬೇರೆ ಕಡ್ಡಿಪೆಟ್ಟಿಗೆ ಅವರ ಕಿಸೆಯಲ್ಲಿ ಇರಲಿಲ್ಲವೇ? ಇತ್ತು. ಆದರೆ ಅಷ್ಟು ದೊಡ್ಡ ಮೀಸೆಯ ಗಂಡಸರಲ್ಲಿ ಒಬ್ಬನಿಗೂ ತೋಳದ ಮುನಿಸು ಮೈಮೇಲೆ ಎಳೆದುಕೊಳ್ಳುವ ಧೈರ್ಯವಿರಲಿಲ್ಲ. ಕೊನೆಗೆ ದೊಡ್ಡಪ್ಪ ಅಪ್ಪನ ಕಡೆ ತಿರುಗಿದ. “ನೀನರೆ ಹೇಳೋ. ನಿನ್ನ ಮಗಳು.”

ಅಪ್ಪನದು ಮಾತು ಕಡಿಮೆ. ಹೆಗಲ ಕಂಬಳಿಯನ್ನು ತೆಗೆದು ನನ್ನ ಪಕ್ಕದಲ್ಲಿ ಹಾಸಿ ಕೂತ. “ಮರಿ ಅಕೀದು, ಕೈ ಅಕೀದು. ನಾ ಏನ್ ಹೇಳ್ಲಿ?” ಅಂದ.

ಬಿಸಿಲು ಇಳಿಯುವವರೆಗೂ ಅಲ್ಲೇ ಇದ್ದೆವು. ಬೆವರು, ಧೂಳು, ಮೂಗಿಗೆ ಅಡರುವ ಮೆಣಸಿನ ಘಾಟು. ಜನ ಗೊಣಗುತ್ತ ಕರಗಿದರು. ಅಪ್ಪ ಎದ್ದು ಹುಲ್ಲನ್ನೆಲ್ಲ ಕಿತ್ತು ಹಳ್ಳಕ್ಕೆ ಎಸೆದ. ಗುಡಿಸಲಿಗೆ ಬಂದರೆ ಮರಿ ಕಳೆದುಕೊಂಡ ತಾಯಿಕುರಿ ಕೂಗುತ್ತ ದೊಡ್ಡಿಯ ಸುತ್ತ ತಿರುಗುತ್ತಿತ್ತು. ಅದರ ಕೊರಳು ತಬ್ಬಿಕೊಂಡು ಅತ್ತೆ. ತೋಳದ ಮೇಲಿನ ಸಿಟ್ಟು ಹೋಗಿರಲಿಲ್ಲ. ಇವತ್ತಿಗೂ ಹೋಗಿಲ್ಲ. ಸಿಟ್ಟು ಬೇರೆ, ಸುಡುವುದು ಬೇರೆ.

ಆಮೇಲೆ ಅಪ್ಪ ನನ್ನನ್ನು ಲಿಂಗಸುಗೂರಿನ ಹಾಸ್ಟೆಲಿಗೆ ಸೇರಿಸಿದ. ಇಷ್ಟು ಮಾತಾಡುವವಳು ನಾಲ್ಕಕ್ಷರ ಕಲಿಯಲಿ ಎಂದ. ಓದಿದೆ, ಊರೂರು ಅಲೆದೆ, ಕೊನೆಗೆ ಟಿ.ವಿ.ಯ ಬಾಗಿಲು ತಟ್ಟಿದೆ. ನನ್ನ ದನಿ ಕೇಳಿದ ಮೇಲಿನವರು ನಕ್ಕರು. ಈ ಕನ್ನಡ ನಡೆಯುವುದಿಲ್ಲ, ತಿದ್ದಿಕೊಂಡು ಬನ್ನಿ ಅಂದರು. “ಪ್ರಾಣಿಗಳ ಬಗ್ಗೆ ನಾ ಕಲಿತದ್ದೆಲ್ಲಾ ಈ ಮಾತಿನ್ಯಾಗ ಐತ್ರಿ. ಮಾತು ಬಿಟ್ಟು ಬಂದ್ರ ಕೈಯಾಗ ಏನೂ ಉಳಿಯಂಗಿಲ್ಲ,” ಅಂದೆ. ಬಹಳ ದಿನ ಕಾಯಿಸಿದರು. ಕೊನೆಗೆ ಅದೇ ಮಾತಿನಲ್ಲಿ ಕಾರ್ಯಕ್ರಮ ನಡೆಸಲು ಬಿಟ್ಟರು. ಮಸ್ಕಿ ಬೆಟ್ಟದ ಬಂಡೆಯ ಮೇಲಿನ ಹದ್ದು, ಸಿಂಧನೂರಿನ ಭತ್ತದ ಗದ್ದೆಗೆ ಇಳಿಯುವ ಕೊಕ್ಕರೆ, ಎಲ್ಲವನ್ನೂ ನಮ್ಮ ಮಾತಿನಲ್ಲೇ ಹೇಳಿದೆ.

ತೋಳದ ಸಂಚಿಕೆಯ ಸರದಿ ಬಂದಾಗ ನಿರ್ದೇಶಕರು ಒಂದು ಕುರಿಮರಿಯನ್ನು ಗೂಟಕ್ಕೆ ಕಟ್ಟಿಸಿದರು. ತೋಳ ಬಂದು ಹಿಡಿಯಬೇಕು, ಕ್ಯಾಮೆರಾಕ್ಕೆ ಅದು ಬೇಕಂತೆ. ನಾನು ಮರಿಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕ್ಯಾಮೆರಾದ ಮುಂದೆ ಕೂತೆ. ಕೂರುವುದು ನನಗೆ ಹೊಸದೇ? ನನ್ನನ್ನು ಆ ಕೆಲಸದಿಂದ ತೆಗೆದರು. ತೆಗೆಯಲಿ ಎಂದು ಮರಿಯನ್ನು ಎತ್ತಿಕೊಂಡೇ ಬಸ್ ಹತ್ತಿದೆ. ನೋಡುವವರು ನನ್ನನ್ನು ಕೇಳತೊಡಗಿದ ಮೇಲೆ ಅವರೇ ವಾಪಸ್ ಕರೆದರು. ಗೂಟವಿಲ್ಲದೆ, ಹಗ್ಗವಿಲ್ಲದೆ ಕಾದೆವು. ಶೇಂಗಾ ಹೊಲದ ಬದುವಿನಲ್ಲಿ ತನ್ನ ಪಾಡಿಗೆ ನಡೆದು ಹೋದ ಒಂದು ತೋಳವನ್ನು ನಾಡೆಲ್ಲ ನೋಡಿತು.

ಈಗ ನಾನಿರುವುದು ಸಿಂಧನೂರಿನಲ್ಲಿ, ಮೊಮ್ಮಕ್ಕಳ ಜೊತೆ. ಅವರಿಗೆ ಕುರಿಮರಿಯ ಬುಟ್ಟಿ ಗೊತ್ತಿಲ್ಲ, ಜಗತ್ತಿನ ತೋಳಗಳೆಲ್ಲ ಗೊತ್ತು. ಬೆರಳು ಮುಟ್ಟಿಸಿದರೆ ಸಾಕು, ಹಿಮದಲ್ಲಿ ಓಡುವ ತೋಳ ಅಂಗೈಗೆ ಬರುತ್ತದೆ. ನಾವು ಗವಿಯ ತನಕ ನಡೆದು ಹೋಗಬೇಕಿತ್ತು. ಮೊನ್ನೆ ಸಂಜೆ ಮೊಮ್ಮಗಳ ಮೊಬೈಲಿಗೆ ಒಂದು ವಿಡಿಯೋ ಬಂತು. ನಮ್ಮ ಕಡೆಯದೇ ಹೊಲ. ಬೈಕುಗಳ ಮೇಲೆ ಹುಡುಗರು ಒಂದು ತೋಳವನ್ನು ಅಟ್ಟಾಡಿಸುತ್ತ ನಗುತ್ತಿದ್ದರು. ಅದು ನಾಲಿಗೆ ಚಾಚಿ ಓಡುತ್ತಿತ್ತು. ಮೊಮ್ಮಗ ಅವಳ ಪಕ್ಕಕ್ಕೆ ಬಂದು, “ನನ್ನ ಗೆಳ್ಯಾರಿಗೆ ಕಳಸ್ ಬೇ, ಲಗೂನ,” ಎಂದು ಕೈಚಾಚಿದ. ನಾನು ಬಾಯಿ ತೆರೆದೆ, ಏನೋ ಹೇಳಬೇಕೆಂದು.

ಅಷ್ಟರಲ್ಲಿ ಮೊಮ್ಮಗಳು ಮೊಬೈಲನ್ನು ನೆಲದ ಮೇಲೆ ಬೋರಲಾಗಿಟ್ಟು ಅದರ ಮೇಲೆ ಕೂತುಬಿಟ್ಟಳು.

“ನಾ ಏಳಂಗಿಲ್ಲ,” ಅಂದಳು.